ಮುಟ್ಟದೆ ದಾಟಿಸಿದ ತಟ್ಟೆ

ನಮ್ಮ ಮನೆಯ ಚಾವಡಿ ವಾರಕ್ಕೆ ಆರು ದಿನ ದರ್ಜಿ ಅಂಗಡಿ, ಒಂದು ದಿನ ದೇವರ ಸಭೆ. ಕಾಪು ಪೇಟೆಯಿಂದ ಕಡಲ ಕಡೆಗೆ ಇಳಿಯುವ ಹಾದಿಯ ಬದಿಯಲ್ಲಿ ಆ ಮನೆ. ಮುಂದೆ ಉದ್ದನೆಯ ಚಾವಡಿ, ಹಿಂದೆ ಎರಡು ಕೋಣೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಶನಿವಾರ ಸಂಜೆ ಕೊನೆಯ ರವಿಕೆಗೆ ಹುಕ್ಕು ಹಾಕಿ ಮುಗಿಸಿದ ಮೇಲೆ ಅಪ್ಪ ಎರಡು ಹೊಲಿಗೆ ಮೆಷಿನುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿ ಬಿಳಿ ಬಟ್ಟೆ ಹೊದೆಸುತ್ತಿದ್ದರು. ಮೂರನೆಯದರ ತಲೆಯನ್ನು ಒಳಗೆ ಮಡಚಿ ಹಲಗೆ ಮುಚ್ಚಿದರೆ ಅದೇ ಪಾಸ್ಟರರ ಪೀಠ. ಆವೇಶ ಬಂದಾಗ ಪಾಸ್ಟರರು ಮರೆತು ಕೆಳಗಿನ ಪೆಡಲಿನ ಮೇಲೆ ಕಾಲಿಡುತ್ತಿದ್ದರು. ನರಕದ ಬೆಂಕಿಯ ವರ್ಣನೆಯ ನಡುವೆ ಚಕ್ರ ತಿರುಗಿ ಕಟಕಟ ಸದ್ದಾಗುತ್ತಿತ್ತು. ಚಾಪೆ ಹಾಸುವ ಮೊದಲು ದೊಡ್ಡಮ್ಮ ಅಯಸ್ಕಾಂತದ ತುಂಡೊಂದನ್ನು ದಾರಕ್ಕೆ ಕಟ್ಟಿ ಚಾವಡಿಯ ಉದ್ದಗಲಕ್ಕೂ ಎಳೆದುಕೊಂಡು ಹೋಗಿ ಬಿದ್ದ ಸೂಜಿಗಳನ್ನೆಲ್ಲ ಆರಿಸುತ್ತಿದ್ದರು. ಆದರೂ ಒಂದೆರಡು ಉಳಿಯುತ್ತಿದ್ದವು. ಮೊಣಕಾಲೂರಿದ ಯಾರಾದರೂ ಇದ್ದಕ್ಕಿದ್ದಂತೆ ಹಲ್ಲೆಲೂಯ ಎಂದು ಕೂಗಿದರೆ, ಹೊಕ್ಕಿದ್ದು ಆತ್ಮವೋ ಅಪ್ಪನ ಸೂಜಿಯೋ ಎಂದು ನನಗೆ ಅನುಮಾನ ಬರುತ್ತಿತ್ತು.

ನಮ್ಮ ಗದ್ದಲ ಬೀದಿಗೆಲ್ಲ ಕೇಳುತ್ತಿತ್ತು. ಪಕ್ಕದಲ್ಲಿ ಜಿನಸಿ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕ ಸೋಮವಾರ ಬೆಳಿಗ್ಗೆ ಬಟ್ಟೆ ಕೊಡಲು ಬಂದಾಗ ಅಪ್ಪನನ್ನು ಕೆಣಕದೆ ಹೋಗುತ್ತಿರಲಿಲ್ಲ.

"ಟೈಲರೇ, ನಿಮ್ಮ ದೇವರಿಗೆ ಕಿವಿ ಸ್ವಲ್ಪ ಮಂದ ಉಂಟಾ ಎಂತ?"

"ದೇವರಿಗೆ ಮೆಲ್ಲ ಹೇಳಿದರೂ ಕೇಳ್ತದೆ ಕಾಕಾ," ಅಪ್ಪ ಬಾಯಲ್ಲಿದ್ದ ದಾರ ತೆಗೆಯದೆಯೇ ಹೇಳುತ್ತಿದ್ದರು. "ಪಕ್ಕದಲ್ಲಿ ಕೂತವರಿಗೆ ಕೇಳಬೇಕಲ್ಲ, ಅದಕ್ಕೆ ಅಷ್ಟು ಗಟ್ಟಿ."

ಅಪ್ಪ ತಮಾಷೆಗೆ ಹೇಳಿದರೂ ನಮ್ಮ ಸಭೆಯ ಮರ್ಮ ಅದರಲ್ಲಿಯೇ ಇತ್ತು. ಇಪ್ಪತ್ತು ಜನರ ಸಭೆ ಅದು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಆದರೆ ದೇವರ ಮುಂದೆ ಕಣ್ಣು ಮುಚ್ಚಿದ ಕೂಡಲೇ ಎಲ್ಲರ ಬಾಯಲ್ಲೂ ಇಸ್ತ್ರಿ ಹಾಕಿದಂಥ ಕನ್ನಡ ಬರುತ್ತಿತ್ತು. ತುಳುವಿನಲ್ಲಿ ಮುಖ ನೋಡಿ ಹೇಳಲಾಗದ್ದನ್ನು ಕನ್ನಡದಲ್ಲಿ ಕಣ್ಣು ಮುಚ್ಚಿ ಹೇಳಬಹುದಾಗಿತ್ತು. ಎದುರಾದಾಗ ಎಲ್ಲರೂ ಪರಸ್ಪರ 'ಸ್ತೋತ್ರ' ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಹೇಗಿದ್ದೀರಿ ಎಂಬುದೂ ಬರುತ್ತಿತ್ತು, ಹೋದ ವಾರ ಯಾಕೆ ಬರಲಿಲ್ಲ ಎಂಬುದೂ ಬರುತ್ತಿತ್ತು. ಸ್ವರ ಸ್ವಲ್ಪ ಒಣಗಿದರೆ ನಿಮ್ಮ ವಿಷಯ ನನಗೆ ಗೊತ್ತುಂಟು ಎಂಬ ಅರ್ಥವೂ ಇತ್ತು. ದೇವರ ಉಪಕಾರಕ್ಕೆ ಸಾಕ್ಷಿ ಹೇಳಲು ಎದ್ದು ನಿಂತವರು ತಮ್ಮ ಕಾಯಿಲೆಯ ಕಥೆಯನ್ನು ಮುಗಿಸದೇ ಹೋದರೆ ನಿಲ್ಲಿಸಿ ಎಂದು ಯಾರೂ ಹೇಳುವಂತಿರಲಿಲ್ಲ. ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿ ಪಲ್ಲವಿ ಎತ್ತುತ್ತಿದ್ದರು, ಎಲ್ಲರೂ ಸೇರಿಕೊಳ್ಳುತ್ತಿದ್ದರು, ಸಾಕ್ಷಿ ಹೇಳುತ್ತಿದ್ದವರೂ ಚಪ್ಪಾಳೆ ತಟ್ಟುತ್ತಾ ಕೂತುಬಿಡುತ್ತಿದ್ದರು. ಇನ್ನು ಆಮೆನ್. ಒಬ್ಬರು ಪ್ರಾರ್ಥಿಸುತ್ತಾ ಒಂದು ಮಾತು ಮುಗಿಸಿ ಉಸಿರು ಎಳೆದುಕೊಳ್ಳುವಾಗ ಉಳಿದವರು ಆಮೆನ್ ಎನ್ನಬೇಕು. ಎಷ್ಟು ಬಾಯಿ ಅಂದಿತು, ಯಾರ ಬಾಯಿ ಅನ್ನಲಿಲ್ಲ ಎಂಬುದು ಕಣ್ಣು ಮುಚ್ಚಿದ್ದರೂ ಎಲ್ಲರಿಗೂ ತಿಳಿಯುತ್ತಿತ್ತು.

"ಸುಮ್ಮನೆ ಆಮೆನ್ ಹೇಳಬಾರದು ಮಗಾ," ಎಂದು ಅಪ್ಪ ನನಗೆ ಕಲಿಸಿದ್ದರು. "ಆಮೆನ್ ಹೇಳಿದರೆ ಕಾಗದಕ್ಕೆ ಸಹಿ ಹಾಕಿದ ಹಾಗೆ."

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ನಾನು, ಮತ್ತೆ ದೊಡ್ಡಮ್ಮ. ದೊಡ್ಡಮ್ಮ ಎಂದರೆ ತೀರಿಹೋದ ದೊಡ್ಡಪ್ಪನ ಹೆಂಡತಿ, ಮಕ್ಕಳಿರಲಿಲ್ಲ. ಅಮ್ಮ ಮದುವೆಯಾಗಿ ಈ ಮನೆಗೆ ಬಂದಾಗ ಬಾಗಿಲಲ್ಲಿ ಎದುರುಗೊಂಡವರು ಅವರೇ. ಓರಗಿತ್ತಿಯರಿಬ್ಬರೂ ಒಂದೇ ಬಟ್ಟಲಲ್ಲಿ ಉಳಿದ ಗಂಜಿ ಉಣ್ಣುವಷ್ಟು ಹೊಂದಿಕೊಂಡಿದ್ದರು. ಅಮ್ಮ ಮಾತಿನ ಮಲ್ಲಿ. ಸಭೆಯಲ್ಲಿ ಆತ್ಮದ ಆವೇಶ ಬಂದು ಅನ್ಯಭಾಷೆಯಲ್ಲಿ, ಎಂದರೆ ಯಾರಿಗೂ ಅರ್ಥವಾಗದ ಆತ್ಮದ ಭಾಷೆಯಲ್ಲಿ, ಮಾತಾಡಲು ಶುರು ಮಾಡಿದರೆ ಪಾಸ್ಟರರೇ ಬದಿಗೆ ಸರಿದು ನಿಲ್ಲುತ್ತಿದ್ದರು. ದೊಡ್ಡಮ್ಮನಿಗೆ ಅನ್ಯಭಾಷೆ ಬರಲೇ ಇಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸಭೆಯವರು ಅದನ್ನು ಸ್ವಲ್ಪ ಕಡಿಮೆಯಾಗಿಯೇ ಕಾಣುತ್ತಿದ್ದರು. ಆದರೆ ತಿಂಗಳ ಮೊದಲ ಭಾನುವಾರ ಯೇಸುವಿನ ಕೊನೆಯ ಊಟವನ್ನು ನೆನೆದು ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬೇಕಾದ ಗೋಧಿಯ ರೊಟ್ಟಿಯನ್ನು ಸುಡುವ ಕೆಲಸ ದೊಡ್ಡಮ್ಮನದೇ. ಶನಿವಾರ ಮಿಂದು, ತಲೆಗೆ ಸೆರಗು ಹೊದ್ದು, ಒಂದು ಮಾತೂ ಆಡದೆ ಕಾವಲಿಯ ಮುಂದೆ ಕೂರುತ್ತಿದ್ದರು.

ಈ ಸಭೆಗೆ ಸೇರಿದ ಮೇಲೆ ನಮ್ಮ ಮನೆಯ ಹೆಂಗಸರು ಚಿನ್ನ ಬಿಟ್ಟರು. ಆಭರಣ ಲೋಕದ ಆಸೆ, ಅದನ್ನು ತೊಟ್ಟು ದೇವರ ಮುಂದೆ ಬರಬಾರದು ಎಂಬುದು ಪಾಸ್ಟರರ ಉಪದೇಶ. ಅಮ್ಮನ ಸರ ಹೋಯಿತು, ಬಳೆ ಹೋಯಿತು. ನನ್ನ ಕಿವಿಯ ಚಿಕ್ಕ ಟಿಕ್ಕಿ ಕೂಡ ಹೋಯಿತು. ಅದನ್ನು ಮಾರಿ ಬಂದದ್ದರಲ್ಲಿ ಸಭೆಗೆ ಚಾಪೆಗಳನ್ನು ತಂದರು. ತೂತು ಮುಚ್ಚದಿರಲಿ ಎಂದು ನಾನು ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಮುರಿದು ಚುಚ್ಚಿಕೊಂಡಿದ್ದೆ. ಅಮ್ಮ ಅದನ್ನೂ ಎಳೆದು ಬಿಸಾಡಿದರು. ಶಾಲೆಯಲ್ಲಿ ಹುಡುಗಿಯರು ನನ್ನನ್ನು 'ಬೋಳುಕಿವಿ' ಎಂದು ಕರೆದರು. ಹನ್ನೆರಡು ವರ್ಷದವಳಿಗೆ ಅದು ಸಣ್ಣ ನೋವಲ್ಲ. ಸ್ವರ್ಗದಲ್ಲಿ ನನಗೆ ಕಿರೀಟ ಇಟ್ಟಿದ್ದಾರೆ ಎಂದು ಅಮ್ಮ ಸಮಾಧಾನ ಹೇಳಿದರು. ನನಗೆ ಕಿರೀಟ ಬೇಕಿರಲಿಲ್ಲ, ಟಿಕ್ಕಿ ಬೇಕಿತ್ತು.

ಹೀಗಿರುವಾಗ ಒಂದು ದಿನ ಬಂಗುಡೆ ಸಾರಿಗೆ ಹುಣಸೆಹುಳಿ ತೆಗೆಯಲು ಅಡುಗೆಮನೆಯ ಮೂಲೆಯ ಭರಣಿಗೆ ಕೈ ಹಾಕಿದೆ. ಮೇಲಿನ ಹುಳಿ ಮುಗಿದಿತ್ತು, ಕೈಯನ್ನು ಆಳಕ್ಕೆ ಇಳಿಸಿದೆ. ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಒಂದು ಜೊತೆ ಬೆಂಡೋಲೆ. ಅಜ್ಜಿಯ ಬೆಂಡೋಲೆ, ಅಮ್ಮನ ಅಮ್ಮನದು; ಅಜ್ಜಿ ಸಾಯುವ ಮೊದಲು ತಮ್ಮ ಕಿವಿಯಿಂದ ಬಿಚ್ಚಿ ಅಮ್ಮನ ಕೈಯಲ್ಲಿಟ್ಟದ್ದು. ಎಲ್ಲದರ ಜೊತೆ ಅದೂ ಹೋಯಿತೆಂದೇ ಅಪ್ಪನೂ ನಾನೂ ತಿಳಿದಿದ್ದೆವು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡಿದರು. ಬಂದು ನನ್ನ ಕೈಯಿಂದ ಗಂಟು ತೆಗೆದುಕೊಂಡು ಮೊದಲಿನ ಹಾಗೆಯೇ ಕಟ್ಟಿ ಹುಳಿಯೊಳಗೆ ಒತ್ತಿದರು.

"ಇದು ನಿನ್ನ ಅಮ್ಮನಿಗೆ ಅವಳ ತಾಯಿಯ ಮುಖ ಇದ್ದ ಹಾಗೆ. ಹಾಕಿಕೊಳ್ಳುವುದಿಲ್ಲ, ಇಟ್ಟಿದ್ದಾಳೆ ಅಷ್ಟೆ. ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೀನು ನೋಡಿದ್ದು ಅವಳಿಗೂ ಗೊತ್ತಾಗುವುದು ಬೇಡ. ಹೊಟ್ಟೆಯೊಳಗೆ ಇಟ್ಟುಕೊ."

ಹೊಟ್ಟೆಯೊಳಗೆ ಇಟ್ಟುಕೊಂಡೆ, ಆದರೆ ಅದು ಅಲ್ಲಿ ಸುಮ್ಮನಿರಲಿಲ್ಲ. ಅಮ್ಮನ ಆಸೆಗೆ ಭರಣಿಯಲ್ಲಿ ಜಾಗ ಉಂಟು, ನನ್ನ ಕಿವಿಯ ಕಡ್ಡಿಗೂ ಜಾಗ ಇಲ್ಲವೇ ಎಂದು ಕುದಿಯುತ್ತಿದ್ದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ತಿಳಿಯದ ವಯಸ್ಸಿನ ಭಕ್ತಿ ಎಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅದು ಭಕ್ತಿ ಆಗಿರಲಿಲ್ಲ. ಹೊಟ್ಟೆಕಿಚ್ಚು.

ನಮ್ಮಲ್ಲಿ ಚಾಡಿ ಹೇಳುವುದು ಪಾಪ. ಆದರೆ 'ಪ್ರಾರ್ಥನಾ ವಿಷಯ' ಕೊಡುವುದು ಪುಣ್ಯ. ಇಂಥವರ ಗಂಡ ಕುಡಿಯುತ್ತಾನಂತೆ ಎಂದರೆ ಚಾಡಿ; ಇಂಥವರ ಗಂಡನಿಗಾಗಿ ಪ್ರಾರ್ಥಿಸಿ, ಬೇರೆ ಯಾರಿಗೂ ಹೇಳಬೇಡಿ ಎಂದರೆ ವಿಷಯ. ಹಾಗೆ ಕಾಪುವಿನ ವಿಷಯ ಉಡುಪಿಗೆ, ಉಡುಪಿಯದು ಕಾರ್ಕಳಕ್ಕೆ ಬಸ್ಸಿಗಿಂತ ಬೇಗ ತಲುಪುತ್ತಿತ್ತು. ಅದಕ್ಕೊಂದು ಕಟ್ಟುಪಾಡೂ ಇತ್ತು: ವಿಷಯ ಕೈಯಿಂದ ಕೈಗೆ ಹೋಗಬಹುದು, ಕೊಟ್ಟವರ ಹೆಸರು ಮಾತ್ರ ಹೋಗಬಾರದು. ಪಾಸ್ಟರರ ಹೆಂಡತಿ, ನಾವು ಪಾಸ್ಟರಮ್ಮ ಎನ್ನುತ್ತಿದ್ದವರು, ಶನಿವಾರ ಮಧ್ಯಾಹ್ನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ಹತ್ತಿರ ಕರೆದು ವಿಷಯ ಕೇಳುತ್ತಿದ್ದರು. ಮಕ್ಕಳ ವಿಷಯಗಳು ಗೊತ್ತೇ ಇದೆ. ಲೆಕ್ಕದ ಪರೀಕ್ಷೆ, ಅಜ್ಜನ ಕೆಮ್ಮು, ಕಳೆದುಹೋದ ಆಡು. ಅದಕ್ಕೆಲ್ಲ ಅವರು ಆಯಿತು ಎಂದು ತಲೆ ಸವರಿ ಕಳಿಸುತ್ತಿದ್ದರು. ಭಾರವಾದ ವಿಷಯ ಬಂದರೆ ಮಾತ್ರ ಎರಡೂ ಕೈ ಹಿಡಿದು ಕಣ್ಣು ಮುಚ್ಚುತ್ತಿದ್ದರು. ನನ್ನ ಕೈಯನ್ನು ಅವರು ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ. ಆ ಶನಿವಾರ ನನ್ನ ಸರದಿ ಬಂದಾಗ ಹೇಳಿದೆ. ಅಮ್ಮನ ಬೆಂಡೋಲೆ ಹುಣಸೆಯ ಭರಣಿಯಲ್ಲಿದೆ, ಅಮ್ಮನ ಮನಸ್ಸು ಮಾರ್ಪಡಲು ಪ್ರಾರ್ಥಿಸಬೇಕು ಎಂದೆ. ಅವರು ನನ್ನ ಎರಡೂ ಕೈ ಹಿಡಿದರು. ಮಗಳೇ ಎನ್ನುವುದಕ್ಕೆ ಮೋಳೆ ಎನ್ನುವ ಕೇರಳದ ಅವರ ಕನ್ನಡದಲ್ಲಿ ಮೆತ್ತಗೆ ಹೇಳಿದರು:

"ನಿನಗೆ ಬೇರೆಯವರ ಆತ್ಮಗಳ ಭಾರ ಉಂಟು ಮೋಳೆ. ಈ ವಯಸ್ಸಿಗೆ ಇಷ್ಟು ಭಾರ!"

ನಾನು ಅಂದು ಮನೆಗೆ ಬಂದದ್ದು ಬಹಳ ಹಗುರವಾಗಿ.

ಮರುದಿನ ಸಭೆಯಲ್ಲಿ ಹಾಡು, ಸಾಕ್ಷಿ ಎಲ್ಲ ಮುಗಿದು, ಇತರರಿಗಾಗಿ ಬೇಡುವ ಮಧ್ಯಸ್ಥಿಕೆಯ ಪ್ರಾರ್ಥನೆ ಬಂತು. ಕಾರ್ಕಳದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಸಲೋಮಿ ಟೀಚರು ಎದ್ದರು. ಶಾಲೆಯ ಟೀಚರು, ಪ್ರಾರ್ಥನೆಯಲ್ಲೂ ಬೆತ್ತ ಹಿಡಿದ ಸ್ವರ. ಗುಡಾರದ ನೆಲದಡಿ ಚಿನ್ನ ಅಡಗಿಸಿಟ್ಟವನೊಬ್ಬನಿಂದ ಇಡೀ ಪಾಳೆಯಕ್ಕೆ ಸೋಲು ಬಂದ ಹಳೆಯ ಕಥೆಯನ್ನು ಮೊದಲು ದೇವರಿಗೆ ನೆನಪಿಸಿದರು. ಎಲ್ಲರೂ ಆಮೆನ್ ಎಂದರು. ಅಮ್ಮನದೇ ಎಲ್ಲರಿಗಿಂತ ಗಟ್ಟಿ.

"ಕರ್ತನೇ, ಇಂದು ನಮ್ಮ ಪಾಳೆಯದಲ್ಲಿಯೂ ಅಡಗಿಸಿಟ್ಟ ಚಿನ್ನವಿದೆ. ಹುಣಸೆಯ ಹುಳಿಯೊಳಗೆ ಹೂತಿಟ್ಟರೂ ನಿನ್ನ ಕಣ್ಣಿಗೆ ಮರೆಯಾದೀತೇ?"

ಆಮೆನ್‌ಗಳ ನಡುವೆ ಒಂದು ಆಮೆನ್ ಬರಲಿಲ್ಲ. ನಾನು ಕಣ್ಣು ತೆರೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಮ್ಮನ ಕೈ ಬರಿಯ ಕಿವಿಗೆ ಹೋಗಿತ್ತು. ಮುಖ ಸುಣ್ಣವಾಗಿತ್ತು. ಇಡೀ ಚಾವಡಿಯಲ್ಲಿ ಎಲ್ಲರ ಕಣ್ಣೂ ಮುಚ್ಚಿತ್ತು, ಇನ್ನೊಬ್ಬರದು ಬಿಟ್ಟು. ದೊಡ್ಡಮ್ಮ ಅಮ್ಮನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ನಾನು ಕೂಡಲೇ ಕಣ್ಣು ಮುಚ್ಚಿಕೊಂಡೆ.

ಅಮ್ಮ ಎದ್ದು ಒಳಗೆ ಹೋಗಿ ಭರಣಿಯನ್ನೇ ಎತ್ತಿಕೊಂಡು ಬಂದರು. ಮೊಣಕೈವರೆಗೆ ಕೈ ಹಾಕಿ ಗಂಟು ತೆಗೆದು, ಹುಳಿಯ ಕಪ್ಪು ಮೆತ್ತಿಕೊಂಡಿದ್ದ ಬೆಂಡೋಲೆಗಳನ್ನು ಮೆಷಿನಿನ ಹಲಗೆಯ ಮೇಲೆ ಇಟ್ಟರು. ಸಭೆಯ ಕೂಗು ಹಂಚು ಹಾರುವಂತಿತ್ತು. ಆತ್ಮನೇ ತೋರಿಸಿಕೊಟ್ಟಿದ್ದಾನೆ ಎಂದು ಪಾಸ್ಟರರು ಕಣ್ಣೀರು ಹಾಕಿದರು. ಪಾಸ್ಟರಮ್ಮನಿಗೆ ನಿಜ ಗೊತ್ತಿತ್ತು, ಆದರೆ ಕೊಟ್ಟವರ ಹೆಸರು ಹೇಳಬಾರದಲ್ಲ; ಅಲ್ಲದೆ ಒಂದು ಮಗುವಿನ ಬಾಯಲ್ಲಿ ಆತ್ಮನೇ ಮಾತಾಡಿಸಿದ್ದು ಎಂದು ಅವರು ನಿಜವಾಗಿಯೂ ನಂಬಿದ್ದಿರಬೇಕು. ಅಪ್ಪ ಮಾತ್ರ ಅಮ್ಮನ ಹುಳಿ ಮೆತ್ತಿದ ಕೈಯನ್ನೇ ನೋಡುತ್ತಾ, ಸ್ತೋತ್ರ ಎಂದು ಗಂಟಲೊಳಗೆ ಹೇಳಿದರು. ಆ ಬೆಂಡೋಲೆಗಳನ್ನು ಮಾರಿ ಪಾಸ್ಟರರು ಮಂಗಳೂರಿನಿಂದ ಕರ್ತನ ಭೋಜನಕ್ಕೆಂದು ಬೆಳ್ಳಿ ಲೇಪದ ಒಂದು ತಟ್ಟೆ, ಒಂದು ಬಟ್ಟಲು ತಂದರು. ಅದುವರೆಗೆ ನಮ್ಮ ಮನೆಯ ಸ್ಟೀಲಿನ ತಟ್ಟೆಯಲ್ಲಿಯೇ ರೊಟ್ಟಿ ಹಂಚುತ್ತಿದ್ದರು.

ಆ ಭಾನುವಾರ ಮಧ್ಯಾಹ್ನವೇ ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದರು. ನಾನು ತೊಳೆದಿಡುತ್ತಿದ್ದೆ. ಅಮ್ಮ ಬಂದು ನಿಂತರು.

"ನೀವು ಹೇಳಿದ್ದಾ ಅಕ್ಕ?"

"ನಾನು ಹೇಳಲಿಲ್ಲ ಗ್ರೇಸಿ."

"ಮತ್ತೆ ಯಾರು ಹೇಳಿದ್ದು? ಆ ಭರಣಿಗೆ ಬಾಯಿ ಉಂಟಾ? ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೆ ಗೊತ್ತಿತ್ತು?"

ದೊಡ್ಡಮ್ಮ ಕೈಗೆ ಇನ್ನಷ್ಟು ಬೂದಿ ತೆಗೆದುಕೊಂಡರು. ನಾನು ಚೆಂಬಿನೊಳಗೆ ಮುಖವಿಟ್ಟು ತೊಳೆದದ್ದನ್ನೇ ತೊಳೆದೆ.

"ದೇವರು ತೋರಿಸಿರಬಹುದು," ಎಂದರು ದೊಡ್ಡಮ್ಮ.

"ನನ್ನ ಮನೆಯ ಭರಣಿಯನ್ನು ದೇವರು ಕಾರ್ಕಳದವರಿಗೆ ತೋರಿಸ್ತಾನಾ? ನನ್ನ ಹತ್ತಿರ ಹೇಳಿದರೆ ನಾನೇ ತೆಗೆದು ಕೊಡ್ತಿರಲಿಲ್ವಾ?"

ಅಂದಿನಿಂದ ಅಮ್ಮ ದೊಡ್ಡಮ್ಮನ ಜೊತೆ ಮಾತು ಬಿಟ್ಟರು. ಹಾಗೆಂದು ಮನೆ ಮೌನವಾಯಿತೆಂದಲ್ಲ. ಪ್ರತಿ ಸಂಜೆ ಮನೆಮಂದಿಯ ಪ್ರಾರ್ಥನೆ ಇತ್ತಲ್ಲ! ನಾಲ್ವರೂ ಸರದಿಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಮೊದಲು ಅಮ್ಮ: ಕರ್ತನೇ, ಒಂದೇ ಒಲೆಯಲ್ಲಿ ಬೇಯಿಸಿ ಉಂಡವರೇ ಬೆನ್ನಿಗೆ ಇರಿದರು, ದಾವೀದನ ಕಣ್ಣೀರು ಕಂಡ ನೀನು ನನ್ನದನ್ನೂ ಕಾಣು. ಆಮೇಲೆ ದೊಡ್ಡಮ್ಮ: ಕರ್ತನೇ, ಎಲ್ಲರ ಹೃದಯ ನಿನಗೆ ಗೊತ್ತು, ನಾಳೆಗೆ ತೆಂಗಿನಕಾಯಿ ಇಲ್ಲ, ಒದಗಿಸು. ಬೆಳಿಗ್ಗೆ ಅಪ್ಪ ಎದ್ದು ಕಾಕನ ಅಂಗಡಿಯಿಂದ ತೆಂಗಿನಕಾಯಿ ತರುತ್ತಿದ್ದರು. ಉಪ್ಪು, ಸೀಮೆಎಣ್ಣೆ, ಬಾವಿಯ ಹಗ್ಗ, ಎಲ್ಲವೂ ದೇವರ ಮೂಲಕವೇ ಅಪ್ಪನಿಗೆ ತಲುಪುತ್ತಿದ್ದವು. ಒಮ್ಮೆ ಅಮ್ಮ, ಸಾರಿಗೆ ಉಪ್ಪು ಹೆಚ್ಚು ಹಾಕುವವರ ಕೈಯನ್ನು ತಡೆ ಕರ್ತನೇ ಎಂದಾಗ ಅಪ್ಪನಿಗೆ ನಗು ತಡೆಯದೆ ಕೆಮ್ಮು ಬಂದವರಂತೆ ಎದ್ದು ಹೋದರು. ಈಗ ನೆನೆದರೆ ನನಗೂ ನಗು ಬರುತ್ತದೆ. ಆದರೆ ಆಗ ನನ್ನ ಸರದಿ ಬರುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ, ನುಂಗಲೂ ಆಗದೆ ಉಗುಳಲೂ ಆಗದೆ, ಎಲ್ಲರನ್ನೂ ಆಶೀರ್ವದಿಸು ಎಂದು ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆ. ದೊಡ್ಡಮ್ಮ ಅದಕ್ಕೆ ತಪ್ಪದೆ ಆಮೆನ್ ಎನ್ನುತ್ತಿದ್ದರು.

ಕರ್ತನ ಭೋಜನದ ಭಾನುವಾರ ಬಂತು. ಯಾರ ಜೊತೆಗಾದರೂ ಮನಸ್ತಾಪ ಇದ್ದವರು ಮೊದಲು ಹೋಗಿ ರಾಜಿಯಾಗಬೇಕು, ಆಮೇಲೆ ರೊಟ್ಟಿ ಮುಟ್ಟಬೇಕು ಎಂಬುದು ನಮ್ಮಲ್ಲಿ ಬಹಳ ಕಟ್ಟುನಿಟ್ಟು. ತಟ್ಟೆ ಬರುವ ಮೊದಲು ಪಾಸ್ಟರರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಜನ ಎದ್ದು ಒಬ್ಬರ ಬಳಿ ಒಬ್ಬರು ಹೋಗಿ ಕೈ ಹಿಡಿಯುತ್ತಿದ್ದರು. ದೊಡ್ಡಮ್ಮ ಎದ್ದು ಅಮ್ಮನ ಮುಂದೆ ಬಂದು ಕೈ ಚಾಚಿದರು. ನಾನು ಪಕ್ಕದಲ್ಲೇ ಕೂತಿದ್ದೆ.

"ನಮ್ಮೊಳಗೆ ಎಂತದೂ ಬೇಡ ಗ್ರೇಸಿ."

"ಹೇಳಿದ್ದು ನಾನೇ ಅಂತ ಒಂದು ಮಾತು ಒಪ್ಪಿಕೊಳ್ಳಿ ಅಕ್ಕ. ಕ್ಷಮಿಸಲಿಕ್ಕೆ ನಾನು ಈಗಲೇ ತಯಾರುಂಟು."

"ಸುಳ್ಳು ಹೇಳಿ ರೊಟ್ಟಿ ಮುಟ್ಟಲಿಕ್ಕೆ ಆಗುವುದಿಲ್ಲ ಮಾರಾಯ್ತಿ."

ಅಮ್ಮ ಕೈ ಹಿಡಿಯಲಿಲ್ಲ. ತಾನು ಕ್ಷಮಿಸಲು ಸಿದ್ಧಳಿದ್ದೇನೆ, ತಡವಾಗಿರುವುದು ಅವರಿಂದ ಎಂಬ ನೆಮ್ಮದಿಯಲ್ಲಿ ರೊಟ್ಟಿ ತೆಗೆದುಕೊಂಡರು. ಹೆಂಗಸರ ಸಾಲಿನಲ್ಲಿ ತಟ್ಟೆ ಕೈಯಿಂದ ಕೈಗೆ ಬಂತು. ದೊಡ್ಡಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಟ್ಟದೆ, ಪಕ್ಕದವರಿಗೆ ದಾಟಿಸಿದರು. ಒಂದು ದಿನ ಮೊದಲು ಅವರೇ ಸುಟ್ಟ ರೊಟ್ಟಿ. ನಮ್ಮಲ್ಲಿ ಅದಕ್ಕಿಂತ ಗಟ್ಟಿಯಾದ ಮಾತು ಬೇರೊಂದಿರಲಿಲ್ಲ. ತಟ್ಟೆ ದಾಟಿಸಿದರೆ ಒಳಗೆ ಪಾಪ ಉಂಟು, ಒಪ್ಪಿಕೊಳ್ಳುವ ಮನಸ್ಸಿಲ್ಲ ಎಂದೇ ಎಲ್ಲರೂ ಓದುತ್ತಿದ್ದರು. ಅಂದು ಅವರು ದಾಟಿಸಿದ್ದನ್ನು ಇಪ್ಪತ್ತು ಜನ ಓದಿದರು, ಇಪ್ಪತ್ತು ಜನರೂ ತಪ್ಪಾಗಿ ಓದಿದರು. ಹೇಳಿದ್ದು ನಾನೆಂದು ಬಲ್ಲ ಪಾಸ್ಟರಮ್ಮ ಕೂಡ ದೊಡ್ಡಮ್ಮನ ಒಳಗೆ ಬೇರೇನೋ ಪಾಪ ಉಂಟೆಂದೇ ಓದಿರಬೇಕು. ಸರಿಯಾಗಿ ಓದಬಲ್ಲವಳು ನಾನೊಬ್ಬಳೇ ಇದ್ದೆ. ಮುಂದಿನ ತಿಂಗಳೂ ದಾಟಿಸಿದರು, ಅದರ ಮುಂದಿನ ತಿಂಗಳೂ. ಅವರನ್ನು ನೋಡಿ ಹೇಳುವ ಸ್ತೋತ್ರಗಳು ಒಣಗುತ್ತಾ ಬಂದವು. ಮಾಡಿದವರ ಪಾಪ ಆಡಿದವರ ಬಾಯಿಗೆ ಎಂದು ಯಾರೋ ಬಾವಿಕಟ್ಟೆಯಲ್ಲಿ ಅವರಿಗೆ ಕೇಳುವಂತೆಯೇ ಹೇಳಿದರು. ಆಡಿದವಳು ನಾನು, ಅಲ್ಲೇ ನಿಂತು ನೀರು ಸೇದುತ್ತಿದ್ದೆ. ರೊಟ್ಟಿ ಸುಡುವ ಕೆಲಸವನ್ನು ಮಾತ್ರ ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಅಷ್ಟು ತೆಳ್ಳಗೆ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಹದಿನಾಲ್ಕು ತುಂಬುವ ಮೊದಲು ನನಗೆ ದೀಕ್ಷಾಸ್ನಾನವಾಯಿತು. ಉದ್ಯಾವರದ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಲ್ಲಿಸಿಕೊಂಡು ಪಾಸ್ಟರರು ಕೇಳಿದರು: ಎಲ್ಲ ಪಾಪವನ್ನೂ ಅರಿಕೆ ಮಾಡಿದ್ದೀಯಾ? ದಡದಲ್ಲಿ ಅಮ್ಮ ಒಣ ಸೀರೆ ಹಿಡಿದು, ಮಗಳ ಪುಣ್ಯದಿನವೆಂದು ಅಳುತ್ತಾ ನಿಂತಿದ್ದರು. ಮಾಡಿದ್ದೇನೆ ಎಂದೆ. ಹೊಳೆಯ ನೀರು ಮೂಗಿಗೆ ಹೋಗಿ ಕೆಮ್ಮಿದೆ. ನನ್ನೊಳಗಿನ ಹಳೆಯ ಪಾಪಿ ಮನುಷ್ಯ ನೀರಿನಲ್ಲಿ ಸತ್ತ ಎಂದು ಎಲ್ಲರೂ ಹಾಡಿದರು. ಸತ್ತಿರಲಿಲ್ಲ, ಒದ್ದೆಯಾಗಿದ್ದ ಅಷ್ಟೆ.

ಮುಂದಿನ ಭಾನುವಾರ ನನ್ನ ಮೊದಲ ರೊಟ್ಟಿ. ಅಯೋಗ್ಯರಾಗಿ ತಿಂದವರು ತಮ್ಮ ಶಿಕ್ಷೆಯನ್ನೇ ತಿಂದ ಹಾಗೆ ಎಂದು ವರ್ಷಗಟ್ಟಲೆ ಕೇಳಿ ಬೆಳೆದವಳು ನಾನು. ಹಿಂದಿನ ರಾತ್ರಿಯೇ ನಿಶ್ಚಯ ಮಾಡಿದ್ದೆ; ತಟ್ಟೆ ದಾಟಿಸುತ್ತೇನೆ. ಬಾಯಿ ತೆರೆದು ಹೇಳಲು ಆಗದ್ದನ್ನು ಕೈ ಹೇಳಲಿ. ದೀಕ್ಷಾಸ್ನಾನವಾಗಿ ಎಂಟು ದಿನದ ಹುಡುಗಿ ರೊಟ್ಟಿ ಮುಟ್ಟಲಿಲ್ಲವೆಂದರೆ ಅಮ್ಮ ಕೇಳದೆ ಬಿಡುವವರಲ್ಲ, ಕೇಳಿದರೆ ನಾನು ಹೇಳಿಬಿಡುತ್ತೇನೆ, ಅಲ್ಲಿಗೆ ಮುಗಿಯಿತು. ಸಾಲಿನಲ್ಲಿ ನನ್ನ ಬಲಕ್ಕೆ ಅಮ್ಮ, ಎಡಕ್ಕೆ ದೊಡ್ಡಮ್ಮ. ತಟ್ಟೆ ಎಡದಿಂದ ಬಂತು. ದೊಡ್ಡಮ್ಮ ಎಂದಿನಂತೆ ಮುಟ್ಟದೆ ನನ್ನ ಕಡೆಗೆ ಹಿಡಿದರು. ನನ್ನ ಕೈ ತಟ್ಟೆಯ ಅಂಚನ್ನು ಹಿಡಿದು ಅಲ್ಲೇ ನಿಂತಿತು. ಅದನ್ನು ಹಾಗೆಯೇ ಬಲಕ್ಕೆ ತಿರುಗಿಸಿದರೆ ಸಾಕಿತ್ತು. ದೊಡ್ಡಮ್ಮ ತಟ್ಟೆಯನ್ನು ಬಿಡಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಆ ವಿಷಯ ಒಮ್ಮೆಯೂ ನನ್ನ ಬಳಿ ಎತ್ತದವರು, ಸೆರಗಿನ ಮರೆಯಿಂದ ನನಗೆ ಮಾತ್ರ ಕೇಳುವಂತೆ ಹೇಳಿದರು:

"ತಕ್ಕೊ ಮಗಾ. ಅಮ್ಮ ನೋಡ್ತಿದ್ದಾಳೆ."

ನಾನು ತೆಗೆದುಕೊಂಡೆ. ತೆಳ್ಳಗಿನ, ಅಂಚಿನಲ್ಲಿ ಸ್ವಲ್ಪ ಸೀದ ತುಂಡು. ನಾಲಿಗೆಯ ಮೇಲೆ ಅದು ಕರಗಲಿಲ್ಲ, ಜಗಿಯಲು ಧೈರ್ಯವಾಗಲಿಲ್ಲ, ಹಾಗೆಯೇ ನುಂಗಿದೆ. ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದರು. ಆಕಾಶದಿಂದ ಬೆಂಕಿ ಬೀಳಲಿಲ್ಲ. ನನಗೇನೂ ಆಗಲಿಲ್ಲ. ನನಗೇನೂ ಆಗದಿದ್ದುದೇ ನನ್ನನ್ನು ಕೆಡಿಸಿತು. ಬಚ್ಚಿಟ್ಟುಕೊಂಡು ಬದುಕಬಹುದು ಎಂಬುದು ನನಗೆ ಅಂದು ತಿಳಿಯಿತು.

ಅದೇ ವರ್ಷ ದೊಡ್ಡಮ್ಮ ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಗೆ ಸೇರಿ ಮನೆ ಬಿಟ್ಟರು. ಮದುವೆಯಾಗಿ ಬಂದು ಇಪ್ಪತ್ತೈದು ವರ್ಷ ಇದ್ದ ಮನೆ. ಅಪ್ಪ ಬೇಡವೆಂದರು. ಅಮ್ಮ ಆ ಸಂಜೆ, ಪ್ರಯಾಣಿಕರನ್ನು ಕಾಪಾಡು ಕರ್ತನೇ ಎಂದು ಪ್ರಾರ್ಥಿಸಿದರು. ಹೊರಡುವ ದಿನ ದೊಡ್ಡಮ್ಮ ಅಯಸ್ಕಾಂತವನ್ನು ದಾರಸಮೇತ ನನ್ನ ಕೈಗೆ ಕೊಟ್ಟು, ಬಾಗಿಲ ಬದಿಯಲ್ಲಿ ಸೂಜಿ ಜಾಸ್ತಿ ಬೀಳುತ್ತದೆ, ಅಲ್ಲಿ ಎರಡು ಸಲ ಎಳೆ ಎಂದರು. ಟ್ರಂಕನ್ನು ಹೊತ್ತು ಹೆದ್ದಾರಿಯವರೆಗೆ ನಾನು ಜೊತೆಗೆ ಹೋದೆ. ಉಡುಪಿಯ ಬಸ್ಸು ದೂರದಲ್ಲಿ ಕಂಡಾಗ ತಡೆಯಲಾಗಲಿಲ್ಲ.

"ದೊಡ್ಡಮ್ಮ, ಅಮ್ಮನ ಹತ್ತಿರ ಹೇಳ್ತೇನೆ. ಇವತ್ತೇ ಹೇಳ್ತೇನೆ."

"ಎಂತ ಹೇ‍ಳ್ತಿ?" ಎಂದರು. ಸಿಟ್ಟಿರಲಿಲ್ಲ, ಆದರೆ ದಣಿವಿತ್ತು. "ಅವಳ ತಾಯಿಯ ಬೆಂಡೋಲೆ ಹೋಯಿತು. ಓರಗಿತ್ತಿ ಹೋದಳು. ಮಗಳಾದರೂ ಇರಲಿ ಅವಳಿಗೆ."

ಬಸ್ಸು ಹತ್ತಿದರು. ಈ ಮಾತನ್ನು ನಾನು ಅಪ್ಪಣೆಯೆಂದು ಇಟ್ಟುಕೊಂಡೆ. ಹೇಳಬಾರದೆಂದು ಅವರೇ ಹೇಳಿದ್ದಾರೆ, ಅಮ್ಮನ ಒಳ್ಳೆಯದಕ್ಕೇ ನಾನು ಸುಮ್ಮನಿದ್ದೇನೆ ಎಂದು ವರ್ಷಗಟ್ಟಲೆ ಅದನ್ನು ಹೊದ್ದುಕೊಂಡು ಬೆಚ್ಚಗಿದ್ದೆ. ಉಡುಪಿಯಲ್ಲಿ ಟೈಪಿಂಗ್ ಕಲಿಯಲು ಹೋಗುವಾಗ ಮಣಿಪಾಲದ ಬಸ್ಸು ಕಣ್ಣೆದುರೇ ನಿಂತಿರುತ್ತಿತ್ತು. ಆರು ವರ್ಷದಲ್ಲಿ ನಾನು ಅದನ್ನು ಹತ್ತಿದ್ದು ನಾಲ್ಕು ಸಲ. ಹೋದಾಗೆಲ್ಲ ಅವರು ಹಾಸ್ಟೆಲಿನ ಹಿಂದಿನ ಮೆಟ್ಟಿಲಲ್ಲಿ ಕೂರಿಸಿ, ಬಿಸಿ ಚಪಾತಿ ಮಡಚಿ ಕೈಗೆ ಕೊಡುತ್ತಿದ್ದರು. ಭಾನುವಾರ ಎಲ್ಲಿಗೆ ಹೋಗುತ್ತೀರಿ ಎಂದು ಒಮ್ಮೆ ಕೇಳಿದೆ. ಎಲ್ಲಿಗೂ ಇಲ್ಲ, ಆ ದಿನ ಮಕ್ಕಳಿಗೆ ಎರಡು ಹೊತ್ತೂ ಕೋಳಿಯಲ್ವಾ, ಬಿಡುವು ಎಲ್ಲಿಂದ ಎಂದು ನಕ್ಕರು.

ಅವರು ತೀರಿಕೊಂಡಾಗ ನನಗೆ ಇಪ್ಪತ್ತು. ಎರಡೇ ದಿನದ ಜ್ವರ. ಅಪ್ಪ ಹೋಗಿ ದೇಹವನ್ನು ಕಾಪುವಿನ ಮನೆಗೇ ತಂದರು. ಮೆಷಿನುಗಳನ್ನು ಗೋಡೆಗೆ ಒತ್ತಿ, ಚಾಪೆ ಹಾಸುವ ಮೊದಲು ನಾನು ಚಾವಡಿಯಲ್ಲಿ ಅಯಸ್ಕಾಂತ ಎಳೆದೆ. ಬಾಗಿಲ ಬದಿಯಲ್ಲಿ ಎರಡು ಸಲ. ಹಳೆಯ ಸಭೆಯವರೆಲ್ಲ ಬಂದಿದ್ದರು. ಕಾರ್ಕಳದ ಸಲೋಮಿ ಟೀಚರೂ ಬಂದಿದ್ದರು. ಹಾಡು ಮುಗಿದ ಮೇಲೆ, ಯಾರೂ ಕೇಳದೆಯೇ, ಅಮ್ಮ ಎದ್ದು ದೊಡ್ಡಮ್ಮನ ತಲೆಯ ಬಳಿ ನಿಂತರು. ಇಡೀ ಬೆಳಿಗ್ಗೆ ಅಮ್ಮನೇ ಅವರನ್ನು ಮೀಯಿಸಿ, ಜಡೆ ಹೆಣೆದು, ತನ್ನದೇ ಬಿಳಿ ಸೀರೆ ಉಡಿಸಿದ್ದರು. ಅಮ್ಮನ ಕಣ್ಣು ಊದಿಕೊಂಡಿತ್ತು. ಅವರ ದುಃಖದಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಕೈ ಚಾಚಿ ನನ್ನನ್ನು ಹತ್ತಿರ ಎಳೆದುಕೊಂಡು, ನನ್ನ ಕೈ ಹಿಡಿದು, ಕಣ್ಣು ಮುಚ್ಚಿದರು.

"ಕರ್ತನೇ, ನನ್ನ ಅಕ್ಕ ನನಗೆ ಮಾಡಿದ್ದನ್ನು ನೀನು ಬಲ್ಲೆ. ಅದನ್ನು ಅವಳು ಬಾಯಿಬಿಟ್ಟು ಒಪ್ಪಿಕೊಳ್ಳದೆಯೇ ಹೋದಳು. ಅವಳನ್ನು ಅದಕ್ಕಾಗಿ ವಿಚಾರಿಸಬೇಡ. ಇವರೆಲ್ಲರ ಮುಂದೆ, ಈ ಹೊತ್ತು, ನಾನು ಅವಳನ್ನು ಕ್ಷಮಿಸಿದ್ದೇನೆ."

ಅಮ್ಮ ಉಸಿರು ಎಳೆದುಕೊಂಡರು. ಎಲ್ಲರೂ ಆಮೆನ್ ಎಂದರು. ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ಇಪ್ಪತ್ತು ಬಾಯಿಯೂ ಎಂದಿತು. ಒಂದು ಬಾಯಿ ಮಾತ್ರ ಉಳಿದಿತ್ತು, ಅದು ಅಮ್ಮನಿಗೆ ತಿಳಿಯಿತು. ಅವರು ಮುಂದಿನ ಮಾತಿಗೆ ಹೋಗದೆ ಕಾದರು. ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. ನಾನು ಕಣ್ಣು ತೆರೆದು ನೋಡಿದೆ. ಎಲ್ಲರ ಕಣ್ಣೂ ಮುಚ್ಚಿತ್ತು, ದೊಡ್ಡಮ್ಮನದು ಕೂಡ.

ಆಮೆನ್ ಎಂದೆ. ಪಕ್ಕದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿಯೇ ಎಂದೆ.